ಸುನ್ನತಿ ಮತ್ತು ಮರುಭೂಮಿಯ ಮರಳು: ಇನ್ನೊಮ್ಮೆ ಹೇಳುತ್ತೇನೆ

ಪ್ರಶ್ನೆ: ದೇವರು ಅಬ್ರಹಾಮನಿಗೆ ಸುನ್ನತಿ ಮಾಡಿಸಿಕೋ ಅಂದದ್ದು ಆರೋಗ್ಯದ ಕಾರಣಕ್ಕೆ ತಾನೇ? ಮರುಭೂಮಿ, ಮರಳು, ನೀರಿಗೆ ಬರ. ಯೆಹೂದ್ಯರು ಈಗಲೂ ಮಾಡಿಸುತ್ತಾರೆ. ಯೇಸುವಿಗೂ ಆಗಿತ್ತಂತೆ. ಹಾಗಿದ್ದ ಮೇಲೆ ಕ್ರೈಸ್ತರು ಯಾಕೆ ಬಿಟ್ಟರು?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಕೇಳುವವರು ಬದಲಾಗುತ್ತಾರೆ, ಮರಳು ಮಾತ್ರ ಅದೇ. ಪ್ರಶ್ನೆಯ ಕೊನೆಯ ಭಾಗ ನಿಜಕ್ಕೂ ಒಳ್ಳೆಯದು, ಅದಕ್ಕೆ ಬರುತ್ತೇನೆ. ಮೊದಲು ಈ ಮರಳನ್ನು ಗುಡಿಸಿ ಆಚೆ ಹಾಕಬೇಕು.

ಕಾಲುಂಗುರ ಹಾಕುವುದು ಗರ್ಭಕೋಶದ ನರಕ್ಕೆ ಒಳ್ಳೆಯದು, ಬಳೆ ರಕ್ತ ಸಂಚಾರಕ್ಕೆ ಒಳ್ಳೆಯದು ಅಂತ ದಿನಾ ಬೆಳಿಗ್ಗೆ ಮೊಬೈಲಿಗೆ ಬರುತ್ತದಲ್ಲ, ಇದೂ ಅದೇ ಜಾತಿಯ ಮಾತು. ಹಳೆಯ ಆಚರಣೆಗೆ ಒಂದು ‘ವೈಜ್ಞಾನಿಕ ಕಾರಣ’ ಅಂಟಿಸದಿದ್ದರೆ ನಮಗೆ ಸಮಾಧಾನ ಇಲ್ಲ. ನಮ್ಮ ಅಜ್ಜಿ ಕಾಲುಂಗುರ ಹಾಕಿದ್ದು ಮದುವೆಯಾಯಿತು ಅಂತ. ನರದ ಸುದ್ದಿ ಆಕೆಗೆ ಯಾರೂ ಹೇಳಿರಲಿಲ್ಲ.

ಈಗ ಬೈಬಲ್ ತೆಗೆಯಿರಿ. ಆದಿಕಾಂಡ 17ನೇ ಅಧ್ಯಾಯ. ಅಬ್ರಾಮನಿಗೆ 99 ವರ್ಷ. ದೇವರು ಅವನ ಹೆಸರನ್ನು ಅಬ್ರಹಾಮ ಎಂದು ಬದಲಿಸುತ್ತಾನೆ. ಸಂತಾನ ಕೊಡುತ್ತೇನೆ, ಕಾನಾನ್ ದೇಶ ಕೊಡುತ್ತೇನೆ, ನಿನಗೂ ನಿನ್ನ ಸಂತತಿಗೂ ದೇವರಾಗಿರುತ್ತೇನೆ ಅನ್ನುತ್ತಾನೆ. ನಿಮ್ಮ ಕಡೆಯಿಂದ ಪ್ರತಿ ಗಂಡಿಗೂ ಸುನ್ನತಿ ಆಗಬೇಕು, ಹುಟ್ಟುವ ಕೂಸಿಗೆ ಎಂಟನೇ ದಿನ, ಅದೇ ಈ ಒಡಂಬಡಿಕೆಯ ಗುರುತು ಅನ್ನುತ್ತಾನೆ. ಅಧ್ಯಾಯ ಪೂರ್ತಿ ಹುಡುಕಿ. ರೋಗ, ಶುಚಿ, ನೀರು, ಮರಳು ಒಂದೂ ಸಿಗುವುದಿಲ್ಲ. ಸಿಗುವ ಪದ ‘ಗುರುತು’. ಹೀಬ್ರೂವಿನಲ್ಲಿ ‘ಓತ್’. ನೋಹನ ಜೊತೆ ಒಡಂಬಡಿಕೆ ಮಾಡಿಕೊಂಡಾಗ ಮಳೆಬಿಲ್ಲಿಗೂ ಅದೇ ಪದ. ಮಳೆಬಿಲ್ಲು ಕಣ್ಣಿಗೆ ಒಳ್ಳೆಯದು, ಅದಕ್ಕೇ ದೇವರು ಇಟ್ಟ ಅಂತ ಯಾರಾದರೂ ಹೇಳುತ್ತಾರಾ?

ಮರುಭೂಮಿ ವಾದಕ್ಕೆ ನೇರ ಉತ್ತರ ಬೇಕಾದರೆ ಯೆಹೋಶುವ 5ನೇ ಅಧ್ಯಾಯ ಓದಿ. ನನಗೆ ತುಂಬ ಇಷ್ಟದ ಪುಟ ಇದು. ಇಸ್ರಾಯೇಲರು ಈಜಿಪ್ಟ್ ಬಿಟ್ಟು 40 ವರ್ಷ ಮರುಭೂಮಿಯಲ್ಲಿ ಅಲೆದರು. ಮರಳಿನ ನಡುವೆ, ನೀರಿಗಾಗಿ ತಮ್ಮನ್ನು ನಡೆಸುತ್ತಿದ್ದ ಮೋಶೆಯ ಜೊತೆ ಜಗಳ ಆಡುತ್ತಾ. ಆರೋಗ್ಯಕ್ಕಾಗಿ ಸುನ್ನತಿ ಬೇಕಾಗಿದ್ದರೆ ಬೇಕಾಗಿದ್ದ ಜಾಗವೇ ಅದು. ಆದರೆ ಅಲ್ಲಿ ಹುಟ್ಟಿದ ಯಾವ ಹುಡುಗನಿಗೂ ಸುನ್ನತಿ ಮಾಡಿಸಿರಲಿಲ್ಲ ಅಂತ ಆ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಮಾಡಿಸಿದ್ದು ಯಾವಾಗ? ಯೊರ್ದನ್ ಹೊಳೆ ದಾಟಿ, ಮರುಭೂಮಿ ಮುಗಿದ ಮೇಲೆ, ಗಿಲ್ಗಾಲಿನಲ್ಲಿ. ಕಲ್ಲಿನ ಚೂರಿಗಳಿಂದ. ಎದುರಿಗೆ ಶತ್ರುಗಳ ಊರು ಯೆರಿಕೋ. ಯುದ್ಧಕ್ಕೆ ಹೊರಟ ಗಂಡಸರೆಲ್ಲ ಗಾಯ ಮಾಯುವವರೆಗೆ ಪಾಳೆಯದಲ್ಲಿ ಮಲಗಿದ್ದರು. ಇದು ಎಂಥ ಅಪಾಯ ಅಂತ ಅವರಿಗೆ ಗೊತ್ತಿಲ್ಲದೆ ಇರಲಿಲ್ಲ. ಅಬ್ರಹಾಮನ ಮೊಮ್ಮಗ ಯಾಕೋಬನ ಮಕ್ಕಳಿಬ್ಬರು ಶೆಕೆಮ್ ಊರಿನ ಗಂಡಸರನ್ನು ಕೊಂದದ್ದು ಸುನ್ನತಿಯಾದ ಮೂರನೇ ದಿನ, ಅವರು ನೋವಿನಲ್ಲಿ ನರಳುತ್ತಿದ್ದಾಗ. ಆ ಕಥೆ ಆದಿಕಾಂಡದಲ್ಲೇ ಇದೆ. ಆರೋಗ್ಯ ನೋಡುವ ಯಾವ ಸೇನಾಪತಿಯೂ ಯೆರಿಕೋ ಎದುರು ಈ ಕೆಲಸ ಮಾಡಿಸುವುದಿಲ್ಲ. ವಾಗ್ದಾನದ ನೆಲಕ್ಕೆ ಕಾಲಿಟ್ಟೆವು, ಒಪ್ಪಂದಕ್ಕೆ ನಮ್ಮ ಗುರುತು ಹಾಕದೆ ಮುಂದೆ ಹೋಗುವಂತಿಲ್ಲ ಎಂದುಕೊಂಡವನು ಮಾತ್ರ ಮಾಡಿಸುತ್ತಾನೆ.

ಇಷ್ಟು ಹೇಳಿದ ಮೇಲೂ ಒಬ್ಬರು ಕೈ ಎತ್ತುತ್ತಾರೆ. “ಎಂಟನೇ ದಿನವೇ ಯಾಕೆ? ಅವತ್ತೇ ಮಗುವಿನ ರಕ್ತ ಚೆನ್ನಾಗಿ ಹೆಪ್ಪುಗಟ್ಟುತ್ತದಂತೆ, ವಿಟಮಿನ್ ಕೆ ಅಂತೆ.” ಹುಟ್ಟಿದ ಕೂಸಿನಲ್ಲಿ ವಿಟಮಿನ್ ಕೆ ಕಮ್ಮಿ ಇರುತ್ತದೆ, ಅದು ನಿಜ. ಆದರೆ ಎಂಟನೇ ದಿನದ ನಿಯಮ ಬಂದ ದಿನವೇ ಸುನ್ನತಿಯಾದದ್ದು 99ರ ಅಬ್ರಹಾಮನಿಗೆ ಮತ್ತು ಅವನ 13ರ ಮಗ ಇಷ್ಮಾಯೇಲನಿಗೆ. ಇನ್ನೂ ಒಂದಿದೆ. ವಿಮೋಚನಕಾಂಡ 22ನೇ ಅಧ್ಯಾಯ: ಹಸುವಿನ ಚೊಚ್ಚಲ ಕರು ಏಳು ದಿನ ತಾಯಿಯ ಹತ್ತಿರ ಇರಲಿ, ಎಂಟನೇ ದಿನ ದೇವರಿಗೆ ಕೊಡಿ. ಬಲಿಗೆ ಹೋಗುವ ಕರುವಿಗೆ ರಕ್ತ ಹೆಪ್ಪುಗಟ್ಟಿ ಆಗಬೇಕಾದ್ದೇನು? ಮೋಶೆಯ ಅಣ್ಣ ಆರೋನ ಯಾಜಕನಾಗಿ, ಅಂದರೆ ಪೂಜಾರಿಯಾಗಿ, ಕೆಲಸ ಶುರು ಮಾಡಿದ್ದೂ ಎಂಟನೇ ದಿನ. ಏಳು ದಿನದ ಒಂದು ಸುತ್ತು ಮುಗಿದು ಹೊಸದು ಶುರುವಾಗುವ ದಿನ ಅದು. ನಮಗೆ ಹನ್ನೊಂದನೇ ದಿನ ಇಲ್ಲವೇ, ಹಾಗೆ.

ಯೆಹೂದ್ಯರ ಕಟ್ಟಳೆಗಳನ್ನು ಹತ್ತಿರದಿಂದ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಬೇರೆ ಕಾರಣಕ್ಕೆ ಆಸ್ಪತ್ರೆಯಲ್ಲಿ ಮೊದಲೇ ಸುನ್ನತಿಯಾದ ಗಂಡಸು ಯೆಹೂದಿ ಧರ್ಮಕ್ಕೆ ಸೇರುತ್ತೇನೆ ಅಂತ ಬಂದ ಅಂದುಕೊಳ್ಳಿ. ಕತ್ತರಿಸಲು ಏನೂ ಉಳಿದಿಲ್ಲ. ಶುಚಿಯೇ ಉದ್ದೇಶವಾಗಿದ್ದರೆ ಕೆಲಸ ಮುಗಿದಿದೆ, ಬಾಪ್ಪಾ ಒಳಗೆ ಅನ್ನಬಹುದಿತ್ತು. ಹಾಗೆ ಅನ್ನುವುದಿಲ್ಲ. ಸೂಜಿಯಿಂದ ಚುಚ್ಚಿ ಒಂದೇ ಒಂದು ಹನಿ ರಕ್ತ ತೆಗೆಯುತ್ತಾರೆ. ಆ ಹನಿ ಒಡಂಬಡಿಕೆಯ ಹನಿ.

ಆರೋಗ್ಯ ಎಲ್ಲಿ ಬರುತ್ತದೆ ಅಂದರೆ, ತಡೆಯುವ ಕಡೆ ಬರುತ್ತದೆ. ಮಗುವಿಗೆ ಜ್ವರ ಬಂದಿದ್ದರೆ ಗುಣವಾದ ಮೇಲೆ ಪೂರ್ತಿ ಏಳು ದಿನ ಕಾಯಬೇಕು. ಇಬ್ಬರು ಅಣ್ಣಂದಿರು ಸುನ್ನತಿಯಿಂದ ತೀರಿಕೊಂಡಿದ್ದರೆ ಮೂರನೆಯವನಿಗೆ ಮಾಡಿಸಬಾರದು. ಇದು ಯೆಹೂದ್ಯರ ಹಳೆಯ ಧರ್ಮಶಾಸ್ತ್ರ ಗ್ರಂಥ ತಾಲ್ಮೂದಿನ ಮಾತು. ರಕ್ತ ನಿಲ್ಲದ ಕಾಯಿಲೆಗೆ ವೈದ್ಯರು ಹೆಸರಿಡುವುದಕ್ಕೂ ಸಾವಿರಕ್ಕೂ ಜಾಸ್ತಿ ವರ್ಷ ಮುಂಚೆ ಆ ಹಿರಿಯರು ಅದನ್ನು ಗಮನಿಸಿದ್ದರು. ಔಷಧ ಅಂತ ಕೊಟ್ಟಿದ್ದರೆ, ಆರೋಗ್ಯಕ್ಕೆ ಅಪಾಯ ಅಂತ ನಿಲ್ಲಿಸುವ ನಿಯಮ ಈ ರೀತಿ ಬರುತ್ತಿರಲಿಲ್ಲ.

12ನೇ ಶತಮಾನದ ಮೈಮೊನಿಡೀಸ್ ಈಜಿಪ್ಟಿನ ಆಸ್ಥಾನದಲ್ಲಿ ವೈದ್ಯನಾಗಿದ್ದವನು, ಯೆಹೂದ್ಯರ ದೊಡ್ಡ ಪಂಡಿತ. ವೈದ್ಯನಾಗಿಯೂ ಅವನು ಕೊಟ್ಟ ಕಾರಣ ರೋಗದ್ದಲ್ಲ. ಕಾಮ ಹತೋಟಿಗೆ ಬರಲಿ, ಒಂದೇ ದೇವರನ್ನು ನಂಬುವವರಿಗೆ ಒಂದೇ ಗುರುತು ಇರಲಿ ಎಂದ. ಹಾಗಾದರೆ ಆರೋಗ್ಯದ ಮಾತು ಎಲ್ಲಿಂದ ಬಂತು? ತುಂಬ ಹಳೆಯದು ಮಾರಾಯ್ರೆ. 1ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫೈಲೋ ಎಂಬ ಯೆಹೂದಿ ಪಂಡಿತ ಕಾರಣಗಳ ಪಟ್ಟಿ ಕೊಡುವಾಗ ರೋಗ, ಶುಚಿ ಎರಡನ್ನೂ ಸೇರಿಸಿದ. ಸುತ್ತಲಿನ ಜನ ಈ ಪದ್ಧತಿಯನ್ನು ನೋಡಿ ನಗುತ್ತಿದ್ದರು. ನಗುವವರ ಎದುರು ಸಮರ್ಥನೆ ಕೊಡಬೇಕಾದ ಕಷ್ಟ ಅವನದು. ನಮ್ಮ ಕಾಲುಂಗುರದ ನರವೂ ಹೀಗೇ ಹುಟ್ಟಿದ್ದು ಅಂತ ನನ್ನ ಗುಮಾನಿ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿ ತಡೆಗೆ ಸುನ್ನತಿಯೂ ಒಂದು ದಾರಿ ಎಂದದ್ದು ಹೌದು. ಅದು ಆಫ್ರಿಕಾದಲ್ಲಿ ನಡೆದ ಪ್ರಯೋಗಗಳ ಮೇಲೆ ಹೇಳಿದ್ದು, ಅಬ್ರಹಾಮನಿಗೆ ಹೇಳಿದ್ದಲ್ಲ.

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ: ಪದ್ಧತಿ ಅಬ್ರಹಾಮನಿಂದ ಶುರುವಾದದ್ದಲ್ಲ. ಈಜಿಪ್ಟಿನ ಸಕ್ಕಾರಾದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಸಮಾಧಿಯ ಗೋಡೆ ಮೇಲೆ ಸುನ್ನತಿಯ ಚಿತ್ರ ಕೆತ್ತಿದ್ದಾರೆ. ಎದೋಮ್, ಮೋವಾಬ್, ಅಮ್ಮೋನಿನವರೂ ಮಾಡಿಸುತ್ತಿದ್ದರು, ಪ್ರವಾದಿ ಯೆರೆಮೀಯನೇ ಹೆಸರು ಹೇಳುತ್ತಾನೆ. ಇಸ್ರಾಯೇಲರು ಮಾಡಿದ್ದು ಇಷ್ಟು: ಸುತ್ತಮುತ್ತ ಇದ್ದ ಪದ್ಧತಿಯನ್ನು ಬೆಳೆದ ಹುಡುಗರಿಂದ ಎಂಟು ದಿನದ ಕೂಸಿಗೆ ತಂದು, ಅದಕ್ಕೆ ಒಡಂಬಡಿಕೆಯ ಅರ್ಥ ಕೊಟ್ಟರು.

ಈ ‘ಒಡಂಬಡಿಕೆ’ಯನ್ನು ಹತ್ತಿರದಿಂದ ನೋಡಬೇಕು. ನಾವು ಒಪ್ಪಂದ ‘ಮಾಡಿಕೊಳ್ಳುತ್ತೇವೆ’. ಹೀಬ್ರೂವಿನಲ್ಲಿ ‘ಬೆರೀತ್’ ಅನ್ನು ‘ಕಡಿಯುತ್ತಾರೆ’. ಆದಿಕಾಂಡ 15ರಲ್ಲಿ ಅಬ್ರಾಮ ಮೂರು ವರ್ಷದ ಕಡಸು, ಆಡು, ಟಗರು ತಂದು, ಎರಡೆರಡು ಹೋಳು ಮಾಡಿ, ಎದುರು ಬದುರು ಇಡುತ್ತಾನೆ. ಹದ್ದುಗಳು ಎರಗುತ್ತವೆ, ಮುದುಕ ಓಡಿಸುತ್ತಾ ಕೂರುತ್ತಾನೆ. ಕತ್ತಲಾಗುತ್ತದೆ. ಹೊಗೆಯಾಡುವ ಒಲೆಯೊಂದು, ಉರಿಯುವ ಪಂಜೊಂದು ಆ ಹೋಳುಗಳ ನಡುವೆ ಹಾದು ಹೋಗುತ್ತವೆ. ಮಾತು ತಪ್ಪಿದರೆ ನನಗೂ ಈ ಕಡಸಿನ ಗತಿ ಬರಲಿ ಅಂತ ಅದರ ಅರ್ಥ. ಇಲ್ಲಿ ನಡುವೆ ಹಾದದ್ದು ದೇವರ ಬೆಂಕಿ ಮಾತ್ರ, ಅಬ್ರಾಮ ಹಾಯಲಿಲ್ಲ. ಎರಡು ಅಧ್ಯಾಯ ಆದ ಮೇಲೆ ಅಬ್ರಹಾಮನ ಕಡೆಯಿಂದಲೂ ಒಂದು ಕಡಿತ ಬರುತ್ತದೆ. ಸುನ್ನತಿ ಇಲ್ಲದವನನ್ನು ಕುಲದಿಂದ ‘ತೆಗೆದುಹಾಕಬೇಕು’ ಅನ್ನುವಲ್ಲಿಯೂ ಮೂಲದಲ್ಲಿ ಅದೇ ಕಡಿಯುವ ಪದ. ಈ ಪದದ ಆಟ ಗೊತ್ತಾದರೆ ಅರ್ಧ ಪಾಠ ಮುಗಿದ ಹಾಗೆ.

ಈಗ ಕ್ರೈಸ್ತರ ಪ್ರಶ್ನೆ. ಯೇಸುವಿಗೆ ಎಂಟನೇ ದಿನ ಸುನ್ನತಿಯಾಗಿ ಹೆಸರಿಟ್ಟರು ಅಂತ ಲೂಕ ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಡಿಸೆಂಬರ್ 25ರಿಂದ ಬೆರಳು ಮಡಚಿ ಎಣಿಸಿ, ಜನವರಿ 1ಕ್ಕೆ ಎಂಟು. ಹಳೆಯ ಚರ್ಚ್ ಪಂಚಾಂಗಗಳಲ್ಲಿ ಆ ದಿನ ಹೊಸ ವರ್ಷಕ್ಕಿಂತ ಮುಖ್ಯವಾಗಿ ಯೇಸುವಿನ ಸುನ್ನತಿಯ ಹಬ್ಬ. ಹಾಗಾಗಿ ‘ಯೇಸು ರದ್ದು ಮಾಡಿದ’ ಎಂಬ ಮಾತು ಬೇಡ, ಅವನು ಹಾಗೆ ಎಲ್ಲೂ ಹೇಳಿಲ್ಲ.

ಜಗಳ ಶುರುವಾದದ್ದು ಅವನ ನಂತರ, ಅಂತಿಯೋಕ್ಯದಲ್ಲಿ. ಯೆಹೂದ್ಯರಲ್ಲದ ಜನ ಸಭೆಗೆ ಸೇರತೊಡಗಿದರು. ಸುನ್ನತಿ ಆಗದಿದ್ದರೆ ನಿಮಗೆ ರಕ್ಷಣೆಯಿಲ್ಲ ಎಂದರು ಕೆಲವರು. ಯೆಹೂದ್ಯರಲ್ಲದವರಿಗೆ ಬೋಧಿಸುತ್ತಿದ್ದ ಪೌಲ, ಬರ್ನಬ ಒಪ್ಪಲಿಲ್ಲ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಕೂತು, ಅನ್ಯಜನರ ಮೇಲೆ ಈ ಹೊರೆ ಬೇಡ ಎಂದು ತೀರ್ಮಾನಿಸಿದರು. ಪೌಲನ ವಾದ ಲಾಯರ್ ವಾದ. ದೇವರು ಅಬ್ರಹಾಮನ ನಂಬಿಕೆಯನ್ನು ನೀತಿ ಅಂತ ಎಣಿಸಿದ್ದು 15ನೇ ಅಧ್ಯಾಯದಲ್ಲಿ, ಸುನ್ನತಿ ಬಂದದ್ದು 17ರಲ್ಲಿ. ನಡುವೆ ಇಷ್ಮಾಯೇಲ ಹುಟ್ಟಿ 13 ವರ್ಷದವನಾಗಿದ್ದ. ಅಂದರೆ ಅಷ್ಟೂ ಕಾಲ ಅಬ್ರಹಾಮ ಸುನ್ನತಿ ಇಲ್ಲದೆಯೇ ದೇವರಿಗೆ ಒಪ್ಪಿಗೆಯಾಗಿದ್ದ, ಹಾಗಾದರೆ ಇವರು ಯಾಕಾಗಬಾರದು?

ಪೌಲ ಸುನ್ನತಿಯ ವೈರಿ ಅಂತ ತಿಳಿಯಬೇಡಿ. ತನ್ನ ಜೊತೆಗಾರರಲ್ಲಿ ಗ್ರೀಕನಾದ ತೀತನಿಗೆ ಬೇಡ ಎಂದವನೇ, ತಾಯಿ ಯೆಹೂದಿಯಾಗಿದ್ದ ತಿಮೊಥೆಗೆ ಮಾಡಿಸಿದ. ‘ಹೃದಯದ ಸುನ್ನತಿ’ ಎಂಬ ಮಾತೂ ಅವನ ಸ್ವಂತದ್ದಲ್ಲ, ಧರ್ಮೋಪದೇಶಕಾಂಡದಲ್ಲಿ ಮೊದಲೇ ಇದೆ. ಯೆಹೂದ್ಯರ ಕಡೆಯ ಮಾತನ್ನೂ ಕೇಳಬೇಕಲ್ವಾ? ಲೋಕದವರೆಲ್ಲ ಸುನ್ನತಿ ಮಾಡಿಸಿಕೊಳ್ಳಲಿ ಅಂತ ಅವರು ಯಾವತ್ತೂ ಕೇಳಿಲ್ಲ. ನಮ್ಮ ಮನೆಯ ಒಡಂಬಡಿಕೆ ಶಾಶ್ವತ, ನಮ್ಮ ಮಕ್ಕಳಿಗೆ ಗುರುತು ಬೇಕೇ ಬೇಕು ಅಂತ ಅವರ ಮಾತು. ಅದಕ್ಕಾಗಿ ಜೀವವನ್ನೂ ಕೊಟ್ಟಿದ್ದಾರೆ. ಕ್ರಿ.ಪೂ. 2ನೇ ಶತಮಾನದಲ್ಲಿ ಅಂತಿಯೋಕಸ್ ದೊರೆ ನಿಷೇಧಿಸಿದಾಗ ಮಕ್ಕಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಂದರು. ಇನ್ನು ‘ಕ್ರೈಸ್ತರೆಲ್ಲ ಬಿಟ್ಟರು’ ಎಂಬುದೂ ಪೂರ್ತಿ ಸರಿಯಲ್ಲ. ಇಥಿಯೋಪಿಯದ ಕ್ರೈಸ್ತರಲ್ಲಿ ಎಂಟನೇ ದಿನದ ಸುನ್ನತಿ ಈಗಲೂ ಇದೆ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಗುರುತು ಗಂಡಿಗೆ ಮಾತ್ರ ಅಂದಮೇಲೆ ಹೆಣ್ಣುಮಕ್ಕಳು ಒಡಂಬಡಿಕೆಯ ಹೊರಗಾ? ಅದೇ 17ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಅಬ್ರಹಾಮನ ಹೆಂಡತಿ ಸಾರಯಳ ಹೆಸರೂ ಅಲ್ಲೇ ಸಾರ ಎಂದಾಯಿತು. ಅವತ್ತು ಇಷ್ಮಾಯೇಲನಿಗೆ ಸುನ್ನತಿಯಾಯಿತು, ಆದರೆ ಒಡಂಬಡಿಕೆ ಮುಂದುವರಿಯುವುದು ಇನ್ನೂ ಹುಟ್ಟದ ಇಸಾಕನಲ್ಲಿ, ಸಾರಳ ಮಗನಲ್ಲಿ ಎಂದ ದೇವರು. ಇವತ್ತಿಗೂ ಸಂಪ್ರದಾಯಸ್ಥರ ಲೆಕ್ಕದಲ್ಲಿ ಯೆಹೂದಿ ಅಂದರೆ ಯೆಹೂದಿ ತಾಯಿಗೆ ಹುಟ್ಟಿದವರು. ಸುನ್ನತಿ ಆಗದ ಮಗನೂ ಯೆಹೂದಿಯೇ, ಕರ್ತವ್ಯ ಬಾಕಿ ಉಳಿದ ಯೆಹೂದಿ ಅಷ್ಟೇ. ಕ್ರೈಸ್ತರಲ್ಲಿ ಆ ಜಾಗಕ್ಕೆ ಬಂದ ದೀಕ್ಷಾಸ್ನಾನ ಹೆಣ್ಣು ಗಂಡು ಇಬ್ಬರಿಗೂ ಉಂಟು. 3ನೇ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್‌ಗೆ ಒಬ್ಬರು ಕೇಳಿದರಂತೆ, ಸ್ನಾನಕ್ಕೂ ಎಂಟನೇ ದಿನದವರೆಗೆ ಕಾಯಬೇಕಾ ಅಂತ. ಬೇಡ ಎಂದು ಉತ್ತರ ಹೋಯಿತು. ಓದುಗರ ಪ್ರಶ್ನೆಗಳ ಕಾಟ ಅವರಿಗೂ ಇತ್ತು.

ಯೆಹೂದ್ಯರ ಮನೆಯಲ್ಲಿ ಎಂಟನೇ ದಿನ ಬೆಳಿಗ್ಗೆ ನೆಂಟರು ಸೇರುತ್ತಾರೆ. ಸುನ್ನತಿ ಮಾಡುವವನನ್ನು ‘ಮೊಹೇಲ್’ ಅನ್ನುತ್ತಾರೆ. ಮಗುವನ್ನು ತೊಡೆ ಮೇಲೆ ಹಿಡಿದು ಕೂರುವ ಹಿರಿಯ ‘ಸಂದೇಕ್’. ತುಟಿಗೆ ಒಂದು ಹನಿ ದ್ರಾಕ್ಷಾರಸ, ಆಮೇಲೆ ಹೆಸರು, ಆಮೇಲೆ ಊಟ. ಪಕ್ಕದಲ್ಲಿ ಒಂದು ಕುರ್ಚಿ ಪ್ರವಾದಿ ಎಲೀಯನಿಗೆ. ‘ಇಸ್ರಾಯೇಲರು ನಿನ್ನ ಒಡಂಬಡಿಕೆ ಬಿಟ್ಟರು’ ಅಂತ ದೇವರಿಗೆ ದೂರು ಹೇಳಿದವನು ಅವನು. ದೂರು ಹೇಳಿದೆಯಲ್ಲ, ಈಗ ಪ್ರತಿ ಸುನ್ನತಿಗೂ ಬಂದು ಕಣ್ಣಾರೆ ನೋಡು ಅಂತ ಅವನಿಗೆ ಆ ಕುರ್ಚಿ.

ಅದೇ ಎಲೀಯ ನಮ್ಮ ಪಕ್ಕದ ಕೊಂಕಣ ಕರಾವಳಿಗೂ ಬರುತ್ತಾನೆ. ಅಲ್ಲಿನ ಬೆನೆ ಇಸ್ರೇಲ್ ಯೆಹೂದ್ಯರು ಬೇರೆಡೆಯ ಯೆಹೂದ್ಯರ ಸಂಪರ್ಕವಿಲ್ಲದೆ ಎಷ್ಟೋ ಶತಮಾನ ಇದ್ದವರು. ಗಾಣದಲ್ಲಿ ಎಣ್ಣೆ ತೆಗೆಯುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಅದಕ್ಕೇ ಊರವರು ‘ಶನಿವಾರ ತೇಲಿ’ ಅನ್ನುತ್ತಿದ್ದರು. ಹೀಬ್ರೂ ಮರೆತು ಮರಾಠಿ ಮಾತಾಡುತ್ತಿದ್ದರೂ ಎಂಟನೇ ದಿನದ ಸುನ್ನತಿಯನ್ನು ಬಿಡಲಿಲ್ಲ. ಎಲೀಯನ ಹೆಸರಲ್ಲಿ ಅವರು ಮಾಡುವ ಹರಕೆಯ ಊಟಕ್ಕೆ ‘ಮಲೀದಾ’ ಅಂತ ಹೆಸರು. ತಟ್ಟೆಯಲ್ಲಿ ಇರುವುದು ಸಿಹಿ ಅವಲಕ್ಕಿ, ಕಾಯಿತುರಿ, ಸುತ್ತ ಹಣ್ಣು.