ತೋಟದ ಹಕ್ಕಿಗೂ ಬೇಲೂರಿನ ಕತ್ತಲಿಗೂ ಆಗುವಂಥ ಕ್ಯಾಮೆರಾ ಯಾವುದು?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ತೋಟಕ್ಕೆ ಬರುವ ಹಕ್ಕಿಗಳ ಫೋಟೊ ತೆಗೆಯಬೇಕು, ಬೇಲೂರು, ಹಳೇಬೀಡಿನ ಕೆತ್ತನೆಗಳನ್ನೂ ತೆಗೆಯಬೇಕು ಅಂತ ಆಸೆ. 60 ಸಾವಿರ ಎತ್ತಿಟ್ಟಿದ್ದೇನೆ. ಒಂದು ಅಂಗಡಿಯಲ್ಲಿ ಮೆಗಾಪಿಕ್ಸೆಲ್ ನೋಡಿ ಅಂದರು, ಇನ್ನೊಂದರಲ್ಲಿ ಜೂಮ್ ನೋಡಿ ಅಂದರು. ಯಾವುದನ್ನು ನೋಡಲಿ?

ಉತ್ತರ: ಎರಡನ್ನೂ ಬಿಡಿ, ಬೆಳಕನ್ನು ನೋಡಿ. ನೀವು ಹೇಳಿದ ಎರಡು ಜಾಗದಲ್ಲೂ ಬೆಳಕಿಗೇ ಬರ.

ನಿಮ್ಮ ತೋಟದಲ್ಲಿ ನಡುಮಧ್ಯಾಹ್ನವೂ ನೆರಳೇ. ಕಾಫಿಗೆ ಅದು ಬೇಕು, ಕ್ಯಾಮೆರಾಕ್ಕೆ ಅದೇ ಕಷ್ಟ. ಅತ್ತಿ ಹಣ್ಣಾದಾಗ ಮಂಗಟ್ಟೆ ಬಂದು ಕೂರುವುದು ಎಲೆ ಮರೆಯಲ್ಲಿ. ಕತ್ತು ಆಡಿಸುತ್ತಾ ಹಣ್ಣು ಕೀಳುವ ಹಕ್ಕಿ ಕಲಸಿಹೋಗದೆ ಬರಬೇಕಾದರೆ ಶಟರ್ ಸೆಕೆಂಡಿನ 500ನೇ ಒಂದು ಪಾಲು ಮಾತ್ರ ತೆರೆದಿರಬೇಕು. ಹಾರುವಾಗಲಾದರೆ ಸಾವಿರದಲ್ಲೊಂದು ಪಾಲು, ಅದಕ್ಕೂ ಕಡಿಮೆ. ಅಷ್ಟರಲ್ಲಿ ಒಳಗೆ ಬೀಳುವ ಬೆಳಕು ಚಿಟಿಕೆಯಷ್ಟು.

ಆ ಬೆಳಕು ಬೀಳುವ ಜಾಗವೇ ಸೆನ್ಸರ್. ನಿಮ್ಮ ಕಾಫಿ ಒಣಗಿಸುವ ಕಣ ಇದ್ದ ಹಾಗೆ ಅಂದುಕೊಳ್ಳಿ. ಕಣ ದೊಡ್ಡದಾದಷ್ಟೂ ಬೀಳುವ ಬಿಸಿಲು ಹೆಚ್ಚು. ಅದರ ಮೇಲೆ ಗೆರೆ ಎಳೆದು ಎಷ್ಟು ಚೌಕ ಮಾಡಿದ್ದಾರೆ ಅನ್ನುವುದು ಮೆಗಾಪಿಕ್ಸೆಲ್. ಚೌಕ ಹೆಚ್ಚಿಸಿದರೆ ಬಿಸಿಲೇನೂ ಹೆಚ್ಚುವುದಿಲ್ಲ. 24 ಮೆಗಾಪಿಕ್ಸೆಲ್ ಅಂದರೆ 6000×4000 ಚುಕ್ಕಿ; ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೂ 20 ಇಂಚು ಅಗಲದ ಪ್ರಿಂಟ್ ಬರುತ್ತದೆ. ಅದಕ್ಕಿಂತ ದೊಡ್ಡ ಫೋಟೊ ನಮ್ಮ ಯಾರ ಮನೆ ಗೋಡೆ ಮೇಲಿದೆ?

ಇನ್ನು ಜೂಮ್. ನಿಕಾನ್ ಪಿ950ಯಂಥ ಕ್ಯಾಮೆರಾದಲ್ಲಿ 83 ಪಟ್ಟು ಜೂಮ್ ಇದೆ. ಕೆರೆ ಏರಿಯ ಬಿಸಿಲಲ್ಲಿ ಕೂತ ಮಿಂಚುಳ್ಳಿಯನ್ನು ಕಣ್ಣಮುಂದೆ ತಂದು ನಿಲ್ಲಿಸುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅದರ ಸೆನ್ಸರ್ ಸುಮಾರು 6.2×4.6 ಮಿಲಿಮೀಟರ್, ಕಿರುಬೆರಳ ಉಗುರಿಗಿಂತ ಚಿಕ್ಕದು. ಲೆನ್ಸ್ ಬದಲಿಸಬಹುದಾದ ಸಾಧಾರಣ ಡಿಎಸ್‌ಎಲ್‌ಆರ್‌ನಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರ್ ಸುಮಾರು 23.5×15.6 ಮಿಲಿಮೀಟರ್. ವಿಸ್ತೀರ್ಣ ಲೆಕ್ಕ ಹಾಕಿದರೆ 13 ಪಟ್ಟು. ಸಿಲ್ವರ್ ಮರದ ನೆರಳಿಗೆ ಬಂದ ಕೂಡಲೇ ಈ ವ್ಯತ್ಯಾಸ ಗೊತ್ತಾಗುತ್ತದೆ: ಚಿಕ್ಕ ಸೆನ್ಸರಿನ ಚಿತ್ರದಲ್ಲಿ ಹಕ್ಕಿಯ ಪುಕ್ಕ ಯಾವುದು, ರವೆ ಚೆಲ್ಲಿದಂಥ ಚುಕ್ಕಿ ಯಾವುದು ತಿಳಿಯುವುದಿಲ್ಲ.

ಬೇಲೂರಿಗೆ ಬನ್ನಿ. 1117ರ ಚೆನ್ನಕೇಶವ ದೇವಾಲಯದ ನವರಂಗ ಮೊದಲು ತೆರೆದೇ ಇತ್ತು. ಸುತ್ತ ಜಾಲಂಧ್ರಗಳು, ಅಂದರೆ ತೂತು ಕೊರೆದ ಕಲ್ಲಿನ ಪರದೆಗಳು, ಬಂದದ್ದು ಆಮೇಲೆ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. ಹಾಗಾಗಿ ಒಳಗೆ ಮಬ್ಬು, ಕಲ್ಲೂ ಕಪ್ಪು. ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಟ್ರೈಪಾಡ್ ಒಯ್ಯುವಂತಿಲ್ಲ. ಇಲ್ಲಿ ಕೈ ಹಿಡಿಯುವುದು ಲೆನ್ಸಿನ ಬಾಯಿ. ಅದರ ಅಗಲವನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ; ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ. ಕ್ಯಾಮೆರಾ ಜೊತೆ ಕೊಡುವ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದರೆ ಬಾಯಿ ಎಫ್ 5.6ಕ್ಕಿಂತ ಅಗಲವಾಗುವುದಿಲ್ಲ. ಎಫ್ 1.8ರ 35 ಅಥವಾ 50 ಮಿ.ಮೀ. ಲೆನ್ಸ್ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಬಿಡುತ್ತದೆ. ಅದರಲ್ಲಿ ಜೂಮ್ ಇಲ್ಲ, ನೀವೇ ಹಿಂದೆ ಮುಂದೆ ನಡೆಯಬೇಕು. ಹೊರಗೆ ಸೂರಿನ ಕೆಳಗಿರುವ ಮದನಿಕೆಯರಿಗೆ ಮಾತ್ರ ಹಕ್ಕಿಗೆಂದು ತಂದ ಉದ್ದ ಲೆನ್ಸೇ ಸರಿ.

ನಿಮ್ಮ ದುಡ್ಡಿಗೆ ನಾನಾದರೆ ಸೆಕೆಂಡ್ ಹ್ಯಾಂಡ್ ಎಪಿಎಸ್-ಸಿ ಡಿಎಸ್‌ಎಲ್‌ಆರ್ ಬಾಡಿ, ಹಕ್ಕಿಗೆ ಒಂದು 70-300 ಮಿ.ಮೀ. ಉದ್ದ ಲೆನ್ಸ್, ಒಂದು ಎಫ್ 1.8 ಲೆನ್ಸ್ ತಗೊಳ್ಳುತ್ತೇನೆ. ಎಲ್ಲರೂ ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕಡೆ ವಾಲಿದ್ದರಿಂದ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗಕ್ಕೆ ಸಿಗುತ್ತಿವೆ. ದುಡ್ಡಿನ ಹೆಚ್ಚು ಪಾಲು ಲೆನ್ಸಿಗೇ ಹೋಗಲಿ. ನಾಳೆ ಬಾಡಿ ಬದಲಿಸಿದರೂ ಲೆನ್ಸ್ ಉಳಿಯುತ್ತದೆ. ಒಂದು ಎಚ್ಚರ: ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ತನ್ನೊಳಗೂ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಅಷ್ಟರಲ್ಲಿ ಹಕ್ಕಿ ಪಕ್ಕದ ತೋಟದಲ್ಲಿರುತ್ತದೆ.

ಬರೀ ಮುಳ್ಳಯ್ಯನಗಿರಿಯ ನೋಟ, ಮನೆಯವರ ಫೋಟೊ ಸಾಕು ಅನ್ನುವವರಿಗೆ ಕ್ಯಾಮೆರಾನೇ ಬೇಡ, ಕೈಯಲ್ಲಿರುವ ಫೋನ್ ಸಾಕು.

ನೀವು ಕೇಳದ ಒಂದು ಮಾತೂ ಇದೆ. ನನ್ನ ಮೊದಲ ಜೂಮ್ ಲೆನ್ಸನ್ನು ಮಳೆ ಹಿಡಿದ ಮೇಲೆ ಬ್ಯಾಗಿನ ಸಮೇತ ಬೀರುವಿನಲ್ಲಿಟ್ಟಿದ್ದೆ. ಗೌರಿ ಹಬ್ಬಕ್ಕೆ ತೆಗೆದರೆ ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳು. ಬೂಷ್ಟು! ಒರೆಸೋಣ ಅಂದರೆ ಅದು ಇರುವುದು ಒಳಗಿನ ಗಾಜಿಗೆ. ಬಿಚ್ಚಿ ತೊಳೆಸಲು ಕೇಳಿದ ದುಡ್ಡಿಗೆ ಅಂಥದ್ದೇ ಇನ್ನೊಂದು ಹಳೆ ಲೆನ್ಸ್ ಬರುತ್ತಿತ್ತು. ಬಟ್ಟೆಯ ಬ್ಯಾಗು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕತ್ತಲು, ತೇವ ಎರಡೂ ಸಿಕ್ಕರೆ ಬೂಷ್ಟಿಗೆ ಇನ್ನೇನು ಬೇಕು?

ಹಾಗಾಗಿ ಹಳೆ ಲೆನ್ಸ್ ಕೊಳ್ಳುವಾಗ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಎಳೆ ಕಂಡರೆ ಎಷ್ಟೇ ಅಗ್ಗವಾದರೂ ವಾಪಸ್ ಕೊಟ್ಟುಬಿಡಿ. ಮನೆಯಲ್ಲಿ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಚಿಕ್ಕ ಮೀಟರು. ಮುಳ್ಳು ಶೇಕಡಾ 40ರಿಂದ 50ರೊಳಗೆ ಇರಬೇಕು. ನೀಲಿ ಜೆಲ್ ಗುಲಾಬಿಗೆ ತಿರುಗಿತೆಂದರೆ ತೇವ ಕುಡಿದು ತುಂಬಿದೆ ಎಂದರ್ಥ; ಹಳೆಯದೊಂದು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆ ಮತ್ತೆ ಅಡುಗೆಮನೆಗೆ ಹೋಗದಿರಲಿ. ಈ ಸಾಮಾನನ್ನು ಕ್ಯಾಮೆರಾ ಬಿಲ್ಲಿನ ಜೊತೆಗೇ ತಂದುಬಿಡಿ. ಜೂನ್ ಬಂದ ಮೇಲೆ ನೋಡೋಣ ಅಂತಲೇ ನಾನೂ ಬಿಟ್ಟಿದ್ದು.