ಮೊದಲ ದುಡ್ಡು ಲೆನ್ಸಿಗಲ್ಲ, ಬಟ್ಟೆ ತೊಟ್ಟವರಿಗೆ

ಹೊಟ್ಟೆಪಾಡಿಗೆ ನಾನು ಕ್ಯಾಟಲಾಗ್ ಫೋಟೋ ತೆಗೆಯುತ್ತೇನೆ. ಅಲ್ಲಿ ಬಟ್ಟೆ ಮಾರಾಟವಾಗಬೇಕು, ತೊಟ್ಟವರು ಯಾರಾದರೂ ನಡೆಯುತ್ತದೆ. ರಜೆ ದಿನಗಳಲ್ಲಿ ನನ್ನ ಕೈಯಿಂದಲೇ ದುಡ್ಡು ಹಾಕಿ ನಡೆಸುವ ಪ್ರಾಜೆಕ್ಟ್ ಇದಕ್ಕೆ ಪೂರ್ತಿ ಉಲ್ಟಾ. ಕಪ್ಪು ಉಡುಗೆಯ ಗಾತ್, ಬಂಡಾಯದ ಪಂಕ್, ಹಬೆಯಂತ್ರದ ಕಾಲದ ಉಡುಗೆ ನೆನಪಿಸುವ ಸ್ಟೀಮ್‌ಪಂಕ್, ಲೇಸು ಮತ್ತು ಉಬ್ಬಿದ ಲಂಗದ ಜಪಾನಿ ಶೈಲಿ ಲೋಲಿಟಾ, ಹೀಗೆ ಎಲ್ಲರೂ ತೊಡುವ ಫ್ಯಾಷನ್ನಿಗೆ ಸೇರದ ಉಡುಗೆ ತೊಡುವವರ ಫೋಟೋ ತೆಗೆಯುತ್ತೇನೆ. ಇವರಲ್ಲಿ ಎಷ್ಟೋ ಜನ ತಮ್ಮ ಬಟ್ಟೆ ತಾವೇ ಹೊಲಿದಿರುತ್ತಾರೆ. ಜಾಕೆಟ್ಟಿಗೆ ಲೋಹದ ಸ್ಟಡ್‌ಗಳನ್ನು ಒಂದೊಂದಾಗಿ ಕೂರಿಸುತ್ತಾ ವಾರಗಟ್ಟಲೆ ರಾತ್ರಿ ಕಳೆದಿರುತ್ತಾರೆ. ಅಂದರೆ ಫೋಟೋದ ಅರ್ಧ ಕೆಲಸ ಮುಗಿಸಿಕೊಂಡೇ ನನ್ನ ಮುಂದೆ ಬಂದು ನಿಂತಿರುತ್ತಾರೆ.

ಇಂಥದ್ದೊಂದು ಶುರು ಮಾಡಲು ಎಷ್ಟು ದುಡ್ಡು ಬೇಕು ಅಂತ ತುಂಬಾ ಜನ ಕೇಳುತ್ತಾರೆ. ಎಷ್ಟು ಅನ್ನುವುದಕ್ಕಿಂತ, ಮೊದಲು ಯಾವುದಕ್ಕೆ ಅನ್ನುವುದು ಮುಖ್ಯ. ಇದನ್ನು ನಾನು ತಡವಾಗಿ ಕಲಿತೆ. ಮೊದಲ ವರ್ಷ ಉಳಿಸಿದ್ದೆಲ್ಲ ಒಂದು ದುಬಾರಿ ಲೆನ್ಸಿಗೆ ಹೋಯಿತು. ಆಮೇಲೆ ಒಬ್ಬಾಕೆ ಲಾಡಿ ಎಳೆದು ಸೊಂಟ ಬಿಗಿಯುವ ಕಾರ್ಸೆಟ್, ಮೂರು ಪದರದ ಪೆಟಿಕೋಟ್, ಎತ್ತರದ ಬೂಟು ಎಲ್ಲ ಚೀಲದಲ್ಲಿ ಹೊತ್ತುಕೊಂಡು ಶೂಟಿಗೆ ಬಂದರು, ಬಟ್ಟೆ ಬದಲಿಸಲು ಅಲ್ಲಿ ಜಾಗವೇ ಇರಲಿಲ್ಲ, ಗಾಳಿ ಬೇರೆ ಜೋರಾಗಿತ್ತು, ನಾನು ಬೆಳಕು ಸರಿ ಮಾಡುತ್ತಾ ಒಂದು ಗಂಟೆ ಅವರನ್ನು ಹಾಗೇ ನಿಲ್ಲಿಸಿದೆ. ಒಂದು ಫೋಟೋದಲ್ಲೂ ಅವರ ಹೆಗಲು ಸಡಿಲವಾಗಿಲ್ಲ. ತಪ್ಪು ಪೂರ್ತಿ ನನ್ನದು.

ಈಗ ಲೆಕ್ಕ ಬೇರೆ. ಬಂದವರ ಓಡಾಟದ ಖರ್ಚು, ಊಟ, ನೀರು, ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ, ಅದು ಸಿಗದಿದ್ದರೆ ಮಡಚುವ ಟೆಂಟು, ಇವು ಮೊದಲು. ಆಮೇಲೆ ಜಾಗದ ಬಾಡಿಗೆ. ಪಾಳು ಕಟ್ಟಡ ಅಂದರೂ ಅದಕ್ಕೊಬ್ಬ ಮಾಲೀಕರಿರುತ್ತಾರೆ, ಒಪ್ಪಿಗೆ ಬರವಣಿಗೆಯಲ್ಲೇ ಬೇಕು. ಆಮೇಲೆ ಬೆಳಕು. ಕ್ಯಾಮೆರಾ, ಲೆನ್ಸ್ ಕೊನೆಗೆ. ಇದು ಬರೀ ಒಳ್ಳೆಯತನದ ಮಾತಲ್ಲ. ಟೋಪಿಯಿಂದ ಬೂಟಿನ ತುದಿಯವರೆಗೆ ಇಡೀ ಉಡುಗೆ ಫೋಕಸ್‌ನಲ್ಲಿ ಇರಬೇಕಾದರೆ ಲೆನ್ಸಿನ ಕಿಂಡಿಯನ್ನು ಸಾಮಾನ್ಯವಾಗಿ ಎಫ್ 5.6 ಅಥವಾ ಎಫ್ 8ಕ್ಕೆ ಕಿರಿದು ಮಾಡಬೇಕಾಗುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಎಫ್ 1.2ಕ್ಕೆ ತೆರೆದುಕೊಳ್ಳುವ ಲೆನ್ಸಿಗೆ ಕೊಟ್ಟ ಹೆಚ್ಚುವರಿ ದುಡ್ಡು ಇಲ್ಲಿ ಸುಮ್ನೆ ಕೂತಿರುತ್ತದೆ. ಯಾರೋ ಬಳಸಿದ 50 ಎಂಎಂ ಎಫ್ 1.8 ಲೆನ್ಸ್ ಧಾರಾಳ ಸಾಕು.

ಬೆಳಕಿನ ವಿಷಯಕ್ಕೆ ಬಂದರೆ ಈ ಕೆಲಸದ ನಿಜವಾದ ಪರೀಕ್ಷೆ ಕಪ್ಪು ಬಟ್ಟೆ. ಕ್ಯಾಮೆರಾದ ಮೀಟರ್ ತನ್ನ ಮುಂದಿರುವುದೆಲ್ಲ ನಡುವಿನ ಬೂದು ಬಣ್ಣ ಅಂತಲೇ ಎಣಿಸುತ್ತದೆ. ಫ್ರೇಮಿನ ತುಂಬಾ ಕಪ್ಪು ಬಟ್ಟೆ ಇದ್ದರೆ ಕತ್ತಲಾಯಿತು ಅಂದುಕೊಂಡು ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತದೆ, ಮುಖ ಸುಣ್ಣ ಬಳಿದ ಹಾಗಾಗುತ್ತದೆ. ಹಾಗಾಗಿ ಎಕ್ಸ್‌ಪೋಷರ್ ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಅರ್ಧಕ್ಕೆ ಇಳಿಯುವಷ್ಟು, ಇಳಿಸಿ ನೋಡಿ, ಇಲ್ಲವೇ ಬೂದು ಕಾರ್ಡು ಹಿಡಿದು ಮ್ಯಾನುಯಲ್‌ನಲ್ಲಿ ತೆಗೆಯಿರಿ. ಆದರೆ ಅಷ್ಟಕ್ಕೇ ಬಿಟ್ಟರೆ ಮಡಿಕೆ, ಕಸೂತಿ, ಲೇಸು ಎಲ್ಲ ಕತ್ತಲಲ್ಲಿ ಮುಳುಗುತ್ತವೆ. ಅವನ್ನು ಎತ್ತಿ ತೋರಿಸಲು ಬೆಳಕಿನ ದಿಕ್ಕು ಬದಲಿಸಬೇಕು.

ಕಪ್ಪು ಅಂದರೆ ಒಂದೇ ಕಪ್ಪು ಅಲ್ಲ. ಮಖಮಲ್ ಬೆಳಕನ್ನು ಕುಡಿಯುತ್ತದೆ. ಅದಕ್ಕೆ ಪಕ್ಕದಿಂದ, ಬಟ್ಟೆಯನ್ನು ಸವರಿಕೊಂಡು ಹೋಗುವಂತೆ ಬೆಳಕು ಬಿಡಬೇಕು. ರಬ್ಬರಿನ ಲೇಟೆಕ್ಸ್, ಪ್ಲಾಸ್ಟಿಕ್ಕಿನ ಪಿವಿಸಿ ಬಟ್ಟೆ ಕನ್ನಡಿ ಇದ್ದ ಹಾಗೆ. ಅಲ್ಲಿ ಹೊಳೆಯುವುದು ನಿಮ್ಮ ದೀಪದ ಪ್ರತಿಬಿಂಬ. ಬರಿ ಫ್ಲಾಶ್ ಹೊಡೆದರೆ ಅಲ್ಲಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ದೀಪದ ಬೆಳಕನ್ನು ಹರಡಿ ಮೃದು ಮಾಡುವ ಉದ್ದನೆಯ ಸಾಫ್ಟ್‌ಬಾಕ್ಸ್ ಇಟ್ಟರೆ ಹೆಗಲಿಂದ ಮಂಡಿಯವರೆಗೆ ಒಂದು ನುಣುಪಾದ ಗೆರೆ ಹರಿಯುತ್ತದೆ. ಆ ಗೆರೆ ಎಲ್ಲಿ ಬೀಳಬೇಕೋ ಅಲ್ಲಿ ಬೀಳುವವರೆಗೆ ದೀಪವನ್ನು ಜರುಗಿಸುತ್ತಾ ಹೋಗಿ. ಇನ್ನೊಂದು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಎರಡನೇ ದೀಪದ ಅರ್ಧ ಕೆಲಸ ಅದೇ ಮಾಡುತ್ತದೆ.

ಹಿನ್ನೆಲೆಗೂ ಖರ್ಚು ಮಾಡಬೇಕಿಲ್ಲ. ದೀಪದಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದೇ ಬೂದು ಗೋಡೆ ಸಾಕು. ಗೋಡೆಗೆ ಹತ್ತಿರ ನಿಲ್ಲಿಸಿದರೆ ಅದು ಬೂದಾಗಿಯೇ ಕಾಣುತ್ತದೆ. ವ್ಯಕ್ತಿಯನ್ನೂ ದೀಪವನ್ನೂ ಒಟ್ಟಿಗೆ ಮುಂದಕ್ಕೆ ತಂದುಬಿಟ್ಟರೆ ಅದೇ ಗೋಡೆ ಕಪ್ಪಾಗುತ್ತದೆ. ಆಗ ಹಿಂದಿನಿಂದ ಒಂದು ಸಣ್ಣ ದೀಪ ಬೇಕು, ಇಲ್ಲದಿದ್ದರೆ ಕಪ್ಪು ತೋಳು ಕಪ್ಪು ಗೋಡೆಯಲ್ಲಿ ಕರಗುತ್ತದೆ.

ಬಟ್ಟೆಯ ಕಷ್ಟವನ್ನೂ ತಿಳಿದುಕೊಂಡಿರಬೇಕು. ಲೇಟೆಕ್ಸ್ ತೊಡಲು ಒಳಗೆ ಪೌಡರ್ ಬೇಕು, ಹೊರಗಿನ ಹೊಳಪಿಗೆ ಸಿಲಿಕೋನ್ ಬೇಕು. ಎಣ್ಣೆ ತಾಗಿದರೆ ಹಾಳಾಗುತ್ತದೆ, ತಾಮ್ರ ಹಿತ್ತಾಳೆ ತಾಗಿದರೆ ಕಲೆ ಬೀಳುತ್ತದೆ. ಚಂದ ಕಾಣುತ್ತದೆ ಅಂತ ಹಿತ್ತಾಳೆ ದೀಪವನ್ನು ಕೈಗೆ ಕೊಡುವ ಮುಂಚೆ ಇದು ನೆನಪಿರಲಿ. ಕಾರ್ಸೆಟ್ ತೊಟ್ಟವರಿಗೆ ನಡುನಡುವೆ ಲಾಡಿ ಸಡಿಲಿಸಿ ಕೂರಲು ಬಿಡುವು ಕೊಡಿ. ಅವರು ಕೇಳಲಿ ಅಂತ ಕಾಯಬೇಡಿ, ಹೆಚ್ಚಿನವರು ಸಂಕೋಚದಿಂದ ಕೇಳುವುದಿಲ್ಲ.

ಓಡಾಟ, ಊಟದ ಖರ್ಚು ಬಿಟ್ಟರೆ, ಬಂದವರೂ ನಾನೂ ಪರಸ್ಪರ ದುಡ್ಡು ಕೊಡುವುದಿಲ್ಲ. ಅವರ ಸಮಯಕ್ಕೆ ನನ್ನ ಫೋಟೋ, ಅಷ್ಟೇ ಒಪ್ಪಂದ. ಬಾಯಿಮಾತು ಸಾಲದು, ಒಂದು ಪುಟ ಬರೆದು ಸಹಿ ಹಾಕಿಕೊಳ್ಳುತ್ತೇವೆ. ಎಷ್ಟು ಫೋಟೋ, ಯಾವಾಗ, ಎಲ್ಲಿ ಹಾಕಬಹುದು, ಹೊಲಿದವರ ಮತ್ತು ಮೇಕಪ್ ಮಾಡಿದವರ ಹೆಸರು ಹೇಗೆ ಬರಬೇಕು ಎಲ್ಲ ಅದರಲ್ಲಿರುತ್ತದೆ. ಯಾರಾದರೂ ಜಾಹೀರಾತಿಗೆ ಕೇಳಿದರೆ ಹೊಸದಾಗಿ ಒಪ್ಪಿಗೆ, ಬಂದ ದುಡ್ಡಲ್ಲಿ ಪಾಲು. 18 ತುಂಬದವರ ಶೂಟ್ ನಾನು ಮಾಡುವುದಿಲ್ಲ. ಜೊತೆಗೆ ಗೆಳೆಯರನ್ನು ಕರೆತನ್ನಿ ಅಂತ ನಾನೇ ಹೇಳುತ್ತೇನೆ. ಕಾಲರ್ ಸರಿ ಮಾಡಬೇಕಿದ್ದರೂ ಕೇಳಿಯೇ ಕೈ ಹಾಕುತ್ತೇನೆ. ಎಡಿಟ್ ಮಾಡುವಾಗ ಗಾಯದ ಗುರುತು ಅಳಿಸುವುದು, ಸೊಂಟ ಸಣ್ಣ ಮಾಡುವುದು ಅವರು ಹೇಳದೆ ಮಾಡಬಾರದು. ತಮ್ಮ ಮೈಯನ್ನು ತಮಗೆ ಬೇಕಾದ ಹಾಗೆ ತೋರಿಸಿಕೊಳ್ಳಲೆಂದೇ ಅವರು ಹೀಗೆ ಉಡುವುದು ಅಲ್ವಾ?

ಟೋಕಿಯೋದ ಹರಾಜುಕು ಬಡಾವಣೆಯಲ್ಲಿ ಫೋಟೋಗ್ರಾಫರ್ ಶೋಯಿಚಿ ಅಓಕಿ 1997ರಿಂದ 2017ರವರೆಗೆ ನಡೆಸಿದ ಪತ್ರಿಕೆಯಲ್ಲಿ ಬೀದಿಯಲ್ಲಿ ಸಿಕ್ಕವರ ಪೂರ್ತಿ ಉದ್ದದ ಫೋಟೋ ಇರುತ್ತಿತ್ತು, ಏನೇನು ತೊಟ್ಟಿದ್ದಾರೆ ಅನ್ನುವ ವಿವರವೂ ಇರುತ್ತಿತ್ತು. ಅದರಿಂದ ನಾನು ಕಲಿತ ಅಭ್ಯಾಸ ಒಂದಿದೆ. ಎಷ್ಟೇ ನಾಟಕೀಯವಾಗಿ ಬೆಳಕು ಮಾಡಿದರೂ ಕೊನೆಗೆ ಬೆಳಕು ಎಲ್ಲ ಕಡೆ ಒಂದೇ ಸಮ ಬೀಳುವಂತೆ ಮಾಡಿ, ತಲೆಯಿಂದ ಕಾಲಿನವರೆಗೆ ಮುಂದೆ ಒಂದು, ಹಿಂದೆ ಒಂದು, ಹೊಲಿಗೆ ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ ತೆಗೆಯುತ್ತೇನೆ. ಇಂಥ ಉಡುಗೆ ಬಹಳ ದಿನ ಹಾಗೇ ಉಳಿಯುವುದಿಲ್ಲ, ಬಿಚ್ಚಿ ಇನ್ನೊಂದಕ್ಕೆ ಸೇರಿಸಿಬಿಡುತ್ತಾರೆ. ಐದು ನಿಮಿಷದ ಕೆಲಸ. ಎರಡು ವರ್ಷ ಕಳೆದ ಮೇಲೂ ಫೋನ್ ಮಾಡಿ ಅವರು ಕೇಳುವುದು ಆ ಮೂರು ಫೋಟೋಗಳನ್ನೇ.