ಹೋಮ್ ಸ್ಕ್ರೀನಿಗೆ ಬಂದದ್ದೆಲ್ಲ ಅಟ್ಟಕ್ಕೇರಿದಂತಲ್ಲ

ನನ್ನ ಜೊತೆ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೆಂದು ಇದನ್ನು ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ, ನಾನೇ ಮರೆಯಬಾರದೆಂದು. ಅರ್ಜಿಗೆ ಹಾಕುವ ಫೋಟೊ 20ರಿಂದ 50 ಕೆಬಿ ಒಳಗಿರಬೇಕು. ನನ್ನ ಮೊಬೈಲು ತೆಗೆಯುವುದು 4 ಎಂಬಿಯ ಫೋಟೊ. ಇದನ್ನು ಕುಗ್ಗಿಸಲು ಮೊದಲು ಹಾಕಿಕೊಂಡ ಆ್ಯಪ್ ಹೆಜ್ಜೆಗೊಂದು ಜಾಹೀರಾತು ತೋರಿಸಿ, ಕೊನೆಗೆ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿತು. ಫೋಟೊ ಚಿಕ್ಕದು ಮಾಡುವುದಕ್ಕೂ ನಮ್ಮ ಮಾವನ ನಂಬರಿಗೂ ಏನು ಸಂಬಂಧ? ಅದನ್ನು ತೆಗೆದುಹಾಕಿ ಸ್ಕೂಶ್ ಹಿಡಿದೆ.

ಸ್ಕೂಶ್ ಎಂದರೆ ಗೂಗಲ್‌ನ ಕ್ರೋಮ್ ತಂಡ 2018ರಲ್ಲಿ ಹೊರತಂದ ವೆಬ್ ಆ್ಯಪ್. ಪ್ಲೇ ಸ್ಟೋರಿಗೆ ಹೋಗಬೇಕಿಲ್ಲ; ಬ್ರೌಸರಿನಲ್ಲಿ ತೆರೆದರಾಯಿತು. ಫೋಟೊ ಯಾರ ಸರ್ವರಿಗೂ ಹೋಗುವುದಿಲ್ಲ, ಕುಗ್ಗಿಸುವ ಕೆಲಸ ನಮ್ಮ ಮೊಬೈಲಿನಲ್ಲೇ ನಡೆಯುತ್ತದೆ. ಕ್ರೋಮ್‌ನ ಮೂರು ಚುಕ್ಕೆ ಒತ್ತಿ ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡರೆ ಉಳಿದ ಆ್ಯಪ್‌ಗಳ ಸಾಲಿನಲ್ಲೇ ಕೂರುತ್ತದೆ.

ನಾನು ಎಡವಿದ ಜಾಗ

ಶಿವಮೊಗ್ಗದಲ್ಲಿ ಹೀಗೆ ಸೇರಿಸಿಕೊಂಡು ಹೊಸನಗರದ ಬಸ್ ಹತ್ತಿದೆ. ರಿಪ್ಪನ್‌ಪೇಟೆ ದಾಟಿದ ಮೇಲೆ ನನ್ನ ಸಿಮ್ಮಿಗೆ ಸಿಗ್ನಲ್ ಇಲ್ಲ. ಮನೆಯಲ್ಲಂತೂ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆದರೇನು, ಸ್ಕೂಶ್ ಮೊಬೈಲಿನಲ್ಲೇ ಇದೆಯಲ್ಲ ಎಂಬ ಧೈರ್ಯದಿಂದ ರಾತ್ರಿ ಒತ್ತಿದೆ. ಪುಟ ಬಂತು, ಫೋಟೊ ಕೊಟ್ಟೆ, ಗಿರಗಿರನೆ ತಿರುಗುತ್ತ ನಿಂತಿತು. ಅದೇ ದಿನ ಸೇರಿಸಿಕೊಂಡಿದ್ದ ಇನ್ನೊಂದು ವೆಬ್ ಆ್ಯಪ್ ಅಷ್ಟೂ ತೆರೆಯಲಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ತಿಳಿದದ್ದು ಇದು. ಹೋಮ್ ಸ್ಕ್ರೀನಿನಲ್ಲಿ ಕೂತ ಆ್ಯಪ್‌ನ ಪುಟ್ಟ ಚಿತ್ರ (ಐಕಾನ್) ಬರೀ ಬಾಗಿಲು. ಮಳೆಗಾಲಕ್ಕೆ ಮೊದಲು ಅಟ್ಟ ತುಂಬಿಸಿದಂತೆ ಒಳಗೆ ಸಾಮಾನು ತುಂಬಿಸಿಡುವ ಕೆಲಸ ಬೇರೆಯವನದು. ಅವನ ಹೆಸರು ಸರ್ವಿಸ್ ವರ್ಕರ್: ಪುಟಕ್ಕೂ ಇಂಟರ್ನೆಟ್ಟಿಗೂ ನಡುವೆ ಕೂರುವ ಸಣ್ಣ ಪ್ರೋಗ್ರಾಂ. ಪುಟ ಏನಾದರೂ ಕೇಳಿದಾಗ ಅಟ್ಟದಲ್ಲಿದ್ದರೆ ಅಲ್ಲಿಂದ ಇಳಿಸಿ ಕೊಡುತ್ತಾನೆ, ಇಲ್ಲದಿದ್ದರೆ ಪೇಟೆಗೆ ಓಡುತ್ತಾನೆ. ಪೇಟೆಯ ದಾರಿ ಮುಚ್ಚಿದ್ದರೆ ಕೈ ಚೆಲ್ಲುತ್ತಾನೆ.

ಇಲ್ಲಿ ಎರಡು ತೊಡಕುಗಳಿವೆ. ಮೊದಲ ಸಲ ಪುಟ ತೆರೆದಾಗ ಈ ಆಳು ಇನ್ನೂ ಕೆಲಸಕ್ಕೆ ಸೇರಿರುವುದಿಲ್ಲ. ಪುಟವೇ ಬಂದು ಅವನನ್ನು ನೇಮಿಸಬೇಕು. ಸಾಮಾನ್ಯವಾಗಿ ಅವನ ಕೈಚಳಕ ಕಾಣುವುದು ಎರಡನೆಯ ಸಲ ತೆರೆದಾಗ. ಇನ್ನೊಂದು: ಅಟ್ಟಕ್ಕೆ ಏನು ಏರಿಸಬೇಕೆಂದು ತೀರ್ಮಾನಿಸುವವರು ಆ ಆ್ಯಪ್ ಬರೆದವರು. ಕೆಲವರು ಎಲ್ಲವನ್ನೂ ಇಡುತ್ತಾರೆ, ಕೆಲವರು ಮುಖಪುಟ ಮಾತ್ರ, ಕೆಲವರು ಏನನ್ನೂ ಇಡುವುದಿಲ್ಲ. ಶಿವಮೊಗ್ಗದಲ್ಲಿ ನಾನು ಪುಟವನ್ನಷ್ಟೇ ತೆರೆದಿದ್ದೆ, ಒಂದು ಫೋಟೊವನ್ನೂ ಕೊಟ್ಟು ನೋಡಿರಲಿಲ್ಲ. ಕುಗ್ಗಿಸುವ ಯಂತ್ರ ಅಟ್ಟ ಸೇರಿರಲೇ ಇಲ್ಲ.

ಈಗ ನನ್ನ ಕ್ರಮ: ನೆಟ್‌ವರ್ಕ್ ಇರುವಾಗಲೇ ಎರಡು ಸಲ ತೆರೆಯುತ್ತೇನೆ, ಒಂದು ಫೋಟೊ ಪೂರ್ತಿ ಕುಗ್ಗಿಸಿ ಉಳಿಸುತ್ತೇನೆ. ನಂತರ ಏರೋಪ್ಲೇನ್ ಮೋಡ್ ಹಾಕಿ, ವೈಫೈಯೂ ಆರಿದೆಯೇ ನೋಡಿ, ಆ್ಯಪ್ ಮುಚ್ಚಿ ಮತ್ತೆ ತೆರೆದು ಇನ್ನೊಂದು ಫೋಟೊ ಕೊಡುತ್ತೇನೆ. ಅದೂ ಆದರೆ ಬಸ್ ಹತ್ತಬಹುದು. ಈ ಪರೀಕ್ಷೆಯನ್ನು ಬಸ್ ನಿಲ್ದಾಣದಲ್ಲೇ ಮುಗಿಸಿ, ಮನೆಗೆ ಹೋದ ಮೇಲಲ್ಲ!

ಹೋಮ್ ಸ್ಕ್ರೀನಿನ ಆ ಐಕಾನ್ ಮೂಲೆಯಲ್ಲಿ ಪುಟ್ಟ ಕ್ರೋಮ್ ಗುರುತು ಅಂಟಿಕೊಂಡಿದ್ದರೆ ಅದು ಬರೀ ಶಾರ್ಟ್‌ಕಟ್, ಇನ್‌ಸ್ಟಾಲ್ ಆಗಿಲ್ಲ. ನೋಡಿದ್ದರ ಜಾಡು ಉಳಿಸದ ಇನ್‌ಕಾಗ್ನಿಟೊ ಕಿಟಕಿಯಿಂದ ಇನ್‌ಸ್ಟಾಲ್ ಮಾಡಲು ಬರುವುದಿಲ್ಲ. ಮೊಬೈಲಿನಲ್ಲಿ ಜಾಗ ಸಾಲದೆಂದು ಕ್ರೋಮ್‌ನ ಸೈಟ್ ಡೇಟಾ ಅಳಿಸಿದರೆ ಅಟ್ಟವೂ ಖಾಲಿ. ಬಾಗಿಲು ಮಾತ್ರ ಹಾಗೇ ನಿಂತಿರುತ್ತದೆ.

ಕುಗ್ಗಿಸುವುದು

ಎಲ್ಲರೂ ಗುಣಮಟ್ಟದ ಪಟ್ಟಿಯನ್ನೇ ಎಳೆಯುತ್ತಾರೆ, ಮುಖ ಮಸುಕಾಗುತ್ತದೆ. ಮೊದಲು ಅಳತೆ ಇಳಿಸಿ. ಮೊಬೈಲಿನ 4000 × 3000 ಫೋಟೊ ಎಂದರೆ 1 ಕೋಟಿ 20 ಲಕ್ಷ ಚುಕ್ಕೆಗಳು (ಪಿಕ್ಸೆಲ್). ಅರ್ಜಿಗೆ ಸಾಕಾಗುವ 200 × 230ರಲ್ಲಿ ಇರುವುದು 46 ಸಾವಿರ. ಗ್ಯಾಲರಿಯಲ್ಲೇ ಮುಖದ ಸುತ್ತ ಕತ್ತರಿಸಿಕೊಂಡು, ಸ್ಕೂಶ್‌ನಲ್ಲಿ ರೀಸೈಜ್ ಆರಿಸಿ, ಕುಗ್ಗಿಸುವ ವಿಧಾನಗಳಲ್ಲಿ ಮೊಜ್‌ಜೆಪೆಗ್ (ಜೆಪೆಗ್ ಫೋಟೊ ಮಾಡಿಕೊಡುವಂಥದ್ದು) ಇಟ್ಟುಕೊಳ್ಳಿ. ನನಗೆ 75ರ ಗುಣಮಟ್ಟದಲ್ಲಿ 9 ಕೆಬಿ ಬಂತು, ಅಂದರೆ ಬೇಕಾದ್ದಕ್ಕಿಂತ ಕಡಿಮೆ! 95ಕ್ಕೆ ಏರಿಸಿದೆ, 24 ಕೆಬಿ. ಕುಗ್ಗಿಸಲು ಹೋಗಿ ಹಿಗ್ಗಿಸಿದ ಸುಖವೇ ಬೇರೆ. ಸಹಿಗೆ ಮಿತಿ 10ರಿಂದ 20 ಕೆಬಿ: ಬಿಳಿ ಹಾಳೆ, ಕಪ್ಪು ಶಾಯಿ.

ಚಿಲ್ಲರೆ

ಐಫೋನ್ ಇದ್ದವರು ಸಫಾರಿಯ ಹಂಚಿಕೆ ಗುಂಡಿ ಒತ್ತಿದರೆ ಹೋಮ್ ಸ್ಕ್ರೀನಿಗೆ ಸೇರಿಸುವ ಸಾಲು ಸಿಗುತ್ತದೆ. ಹೀಗೆ ಸೇರಿಸಿದ ವೆಬ್ ಆ್ಯಪ್‌ಗಳಿಗೆ ನೋಟಿಫಿಕೇಶನ್ ಬರತೊಡಗಿದ್ದು 2023ರ ಐಒಎಸ್ 16.4ರಿಂದ. ತಮಾಷೆಯೆಂದರೆ, 2007ರಲ್ಲಿ ಐಫೋನ್ ಬಂದಾಗ ಆ್ಯಪ್ ಬರೆಯುವ ಹೊರಗಿನವರಿಗೆ ಆ್ಯಪಲ್ ತೋರಿಸಿದ ದಾರಿ ವೆಬ್ ಆ್ಯಪ್ ಒಂದೇ. ಆ್ಯಪ್ ಸ್ಟೋರ್ ಬಂದದ್ದು ಮರುವರ್ಷ.

ಕ್ವಿಕ್ ಶೇರ್ ಕೂಡ ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. 2024ರವರೆಗೆ ಆಂಡ್ರಾಯ್ಡಿನಲ್ಲಿ ಇದನ್ನು ನಿಯರ್‌ಬೈ ಶೇರ್ ಎನ್ನುತ್ತಿದ್ದರು. ಪಕ್ಕದ ಮೊಬೈಲಿಗೆ ಇಂಟರ್ನೆಟ್ ಇಲ್ಲದೆಯೇ ಫೈಲ್ ದಾಟಿಸುತ್ತದೆ. ಕುಗ್ಗಿಸಿದ ಫೋಟೊವನ್ನು ಜಗುಲಿಯಲ್ಲಿ ಕೂತು ತಮ್ಮನ ಮೊಬೈಲಿಗೆ ಕಳಿಸಿದೆ. ದರೆ ಹತ್ತಿ ಗುಡ್ಡದ ಮೇಲೆ ಸಿಗ್ನಲ್ ಹುಡುಕಿ ಅರ್ಜಿ ತುಂಬಿದವನು ಅವನೇ, ಕೊಡೆಯೂ ಅವನದೇ.